ಮಜಾ ಇರೋದು ತೂಕ ಕೂರಿಸೋದ್ರಲ್ಲಿ

ಮನೇಲೇ ಕಟ್ಟಿದ ಪುಟ್ಟ ಸಬ್‌ಮರೀನಿನ ಬಗ್ಗೆ ಒಂದು ಲೇಖನ ಓದಿದೆ; ಅದರ ಖುಷಿ ಮೊದಲ ಮುಳುಗಿನಲ್ಲಿ ಅಂತ ಲೇಖಕರು ಬರೆದಿದ್ದಾರೆ. ಅದಕ್ಕಿಂತ ಮಜಾ ತೂಕ ಕೂರಿಸೋದ್ರಲ್ಲಿದೆ. ಉದಾಹರಣೆಗೆ 110 ಮಿ.ಮೀ. ಪಿವಿಸಿ ಪೈಪು ಒಂದು ಮೀಟರ್ ತಗೊಂಡ್ರೆ ಸುಮಾರು 9.5 ಲೀಟರ್ ನೀರು ಸರಿಸುತ್ತೆ. ಪೈಪು, ಮೋಟಾರು, ಬ್ಯಾಟರಿ, ಸೀಸ ಎಲ್ಲ ಸೇರಿ ಅಷ್ಟೇ ಕೆ.ಜಿ. ಆಗೋವರೆಗೆ ಮುಳುಗಲ್ಲ. ಸೀಸ ತಳದಲ್ಲೇ ಇರಲಿ, ಮೇಲಾದ್ರೆ ಮಗುಚುತ್ತೆ. ಕೊನೇ ಚೂರು ಸೀಸಕ್ಕೆ ಅದು ನಡುನೀರಲ್ಲಿ ತೂಗಿಕೊಂಡು ನಿಲ್ಲುತ್ತಲ್ಲ, ಅದಕ್ಕೇ ಇಷ್ಟೆಲ್ಲ ಪಾಡು.

ಸೋರೋದು ಮುಚ್ಚಳಕ್ಕಿಂತ ಹೆಚ್ಚಾಗಿ ವೈರಿನ ಎಳೆಗಳ ಸಂದೀಲಿ. ಒಂದಿಂಚು ಸಿಪ್ಪೆ ಸುಲಿದು, ಎಳೆಗಳಿಗೆ ಬೆಸುಗೆ ತುಂಬಿಸಿ, ಎಪಾಕ್ಸಿ ಅಂಟು ಸುರೀರಿ. 2.4 ಗಿಗಾಹರ್ಟ್ಸ್ ರಿಮೋಟಿನ ಸಿಗ್ನಲ್ಲು ನೀರಿಗಿಳಿದ್ರೆ ಸತ್ತಂಗೆ, ಕೇಬಲ್ಲೇ ಗತಿ. ಲಿಂಗನಮಕ್ಕಿ ಹಿನ್ನೀರಲ್ಲಂತೂ ಹಳೇ ಮರದ ಬೊಡ್ಡೆಗಳಿಗೆ ಆ ಕೇಬಲ್ ಸುತ್ತಿಕೊಳ್ಳುತ್ತೆ. ಮೊದಲು ಮನೆ ತೊಟ್ಟೀಲಿ ರಾತ್ರಿಯಿಡೀ ಮುಳುಗಿಸಿಡಿ, ಒಳಗೊಂದು ಟಿಶ್ಯೂ ಹಾಕಿ, ಸೋರಿದ್ರೆ ಒದ್ದೆಯಾಗಿ ಹೇಳುತ್ತೆ.