ಮಾಹಿತಿ ಇದೆ, ಹೋಗಲು ಹೊತ್ತಿಲ್ಲ

‘ಮುಂಬಯಿಯಲ್ಲಿ ವಿಶೇಷ ಮಕ್ಕಳಿಗೆ ಸೌಲಭ್ಯ ಬೇಕಾದಷ್ಟಿದೆ, ಕೊರತೆ ಹೆತ್ತವರ ತಿಳಿವಳಿಕೆಯದ್ದು’ ಎಂದು ಇಲ್ಲಿ ಬಂದ ಲೇಖನದಲ್ಲಿ ಬರೆದಿದ್ದೀರಿ. ಒಪ್ಪಲಾರೆ. ಮಾತು, ಕಿವಿಯ ತೊಂದರೆ ಇರುವವರಿಗಾಗಿ ಇರುವ ಬಾಂದ್ರಾ ರಿಕ್ಲಮೇಶನ್‌ನ ಅಲಿ ಯಾವರ್ ಜಂಗ್ ಸಂಸ್ಥೆ ನಮಗೂ ಗೊತ್ತು, ಒಳ್ಳೆಯ ಸಂಸ್ಥೆಯೇ. ಆದರೆ ಡೊಂಬಿವಲಿಯಿಂದ ಆಟಿಸಂ ಇರುವ ಮಗನನ್ನು ಬೆಳಗಿನ ಲೋಕಲ್ ಹತ್ತಿಸಿ, ದಾದರ್‌ನಲ್ಲಿ ಇಳಿಸಿ, ಇನ್ನೊಂದು ಗಾಡಿ ಹಿಡಿಯುವುದನ್ನು ಬರೆದವರು ಒಮ್ಮೆ ಮಾಡಿ ನೋಡಲಿ. ಅಂಗವಿಕಲರ ಡಬ್ಬಿಯ ಬಾಗಿಲಲ್ಲಿ ಗಟ್ಟಿಮುಟ್ಟಾದವರೇ ನಿಂತಿರುತ್ತಾರೆ. ಮಗ ಎರಡೂ ಕಿವಿ ಮುಚ್ಚಿ ನನ್ನ ಹೊಟ್ಟೆಗೆ ತಲೆ ಒತ್ತಿಕೊಂಡಿದ್ದರೆ, ‘ಕೈಕಾಲು ಸರಿ ಇದೆಯಲ್ಲ, ಇವನಿಗೇನಾಗಿದೆ?’ ಎಂದು ನಮ್ಮನ್ನೇ ಕೇಳುತ್ತಾರೆ! 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ವೈಕಲ್ಯಗಳಲ್ಲಿ ಆಟಿಸಂ ಕೂಡ ಇದೆ ಎಂದು ಆ ನೂಕುನುಗ್ಗಲಿನಲ್ಲಿ ಯಾರಿಗೆ ವಿವರಿಸುವುದು?

ಇಂಥ ಮಕ್ಕಳಿಗೆಂದು ಇರುವ ಸರ್ಕಾರದ ಆರೋಗ್ಯ ವಿಮೆ ‘ನಿರಾಮಯ’ದ ಬಗ್ಗೆ ಬರೆದದ್ದು ಸರಿ. ವರ್ಷಕ್ಕೆ 1 ಲಕ್ಷ ರೂಪಾಯಿ ತನಕ ಇದೆ, ಥೆರಪಿಗೂ ಒಂದಿಷ್ಟು ಸಿಗುತ್ತದೆ. ಆದರೆ ಮೊದಲು ಕೈಯಿಂದ ಕೊಟ್ಟು, ಆಮೇಲೆ ಬಿಲ್ಲು ಕಳಿಸಿ ಕಾಯಬೇಕು. ದಿನಗೂಲಿಯವರು ಅಲ್ಲೇ ಸೋಲುತ್ತಾರೆ.

ಥೆರಪಿಯ ಹೊತ್ತು ಕೂಡ ವಾರದ ದಿನ, ಹಗಲು. ಹೋಟೆಲಿನಲ್ಲಿ ದುಡಿಯುವ ಅಪ್ಪನಿಗೆ ರಜೆ ಕೊಡುವವರಾರು? ಹೋಟೆಲ್ ಹುಡುಗರಿಗೆಂದು ರಾತ್ರಿಶಾಲೆಗಳನ್ನು ನಡೆಸಿದ ಊರು ಇದು. ಈಗ ಇಲ್ಲಿನ ನಮ್ಮ ಕನ್ನಡ ಸಂಘಗಳ ಸಭಾಗೃಹಗಳು ಸನ್ಮಾನ, ತಾಳಮದ್ದಳೆ ಇಲ್ಲದ ದಿನ ಬೀಗ ಹಾಕಿಕೊಂಡಿರುತ್ತವೆ. (ತಾಳಮದ್ದಳೆ ಬೇಡ ಎನ್ನುತ್ತಿಲ್ಲ, ನಾನೂ ಹೋಗುತ್ತೇನೆ.) ಭಾನುವಾರ ಒಂದು ಕೋಣೆ ತೆರೆದು, ಕನ್ನಡ ಬಲ್ಲ ಸ್ಪೀಚ್ ಥೆರಪಿಸ್ಟ್ ಒಬ್ಬರನ್ನು ಕರೆಸಿದರೆ ಡೊಂಬಿವಲಿ, ಠಾಣೆಯಿಂದ ಮಕ್ಕಳು ಖಂಡಿತ ಬರುತ್ತಾರೆ. ಸಂಘದ ಪದಾಧಿಕಾರಿಗಳು ಇದನ್ನು ಓದುತ್ತಿದ್ದರೆ ಇಲ್ಲೇ ಉತ್ತರಿಸಲಿ.