ಆ ನಳಿಗೆ ಬಿಚ್ಚಬೇಡಿ

ಹೋದ ತಿಂಗಳು ಅಮೆರಿಕದ ಮಿಷಿಗನ್‌ನಿಂದ ಒಂದು ಫೋಟೊ ಬಂತು. ಕಳಿಸಿದವರು ನನ್ನ ಹಳೆಯ ಸಹೋದ್ಯೋಗಿ. ಫೋಟೊದಲ್ಲಿದ್ದದ್ದು ಅವರ ತಾತನ ಕೋವಿ. ವಿಂಚೆಸ್ಟರ್ ಕಂಪನಿಯ ಸಿಂಗಲ್ ಶಾಟ್, ಹೈ ವಾಲ್ ಅಂತ ಕರೆಯುವ ಮಾದರಿ. ಕಾರ್ಖಾನೆಯಿಂದ ಬಂದಾಗ ಅದು .32-40 ತೋಟೆಯ ಕೋವಿ. (ಇಂಥ ಹೆಸರುಗಳ ಮೊದಲ ಅಂಕಿ ಸುಮಾರಾಗಿ ಗುಂಡಿನ ದಪ್ಪ, ಇಂಚಿನ ಲೆಕ್ಕದಲ್ಲಿ.) 1930ರ ದಶಕದಲ್ಲಿ ತಾತ ಅದರ ನಳಿಗೆ ತೆಗೆಸಿ ಬೇರೆ ಹಾಕಿಸಿದ್ದಾರೆ. ಹೊಸ ನಳಿಗೆಯ ಮೇಲೆ ಯಾರೋ ಒಂದೊಂದೇ ಅಕ್ಷರವನ್ನು ಸುತ್ತಿಗೆಯಲ್ಲಿ ಹೊಡೆದು '2-ಆರ್' ಅಂತ ಗುರುತು ಹಾಕಿದ್ದಾರೆ. ಅಕ್ಷರಗಳ ಸಾಲು ಸ್ವಲ್ಪ ಸೊಟ್ಟ. "ಇದನ್ನು ಮೊದಲಿದ್ದ ಹಾಗೇ ಮಾಡಿಸಿ ಮಾರಿದರೆ ಬೆಲೆ ಜಾಸ್ತಿ ಅಂತಾರೆ. ನೀವೇನು ಹೇಳ್ತೀರಿ?" ಅಂತ ಕೇಳಿದ್ದರು.

ನಾನು ಮಲೆನಾಡಿನವನು. ಕೇಪಿನ ಕೋವಿ, ಒಂಟಿನಳಿಗೆ ಕೋವಿ ನೋಡುತ್ತಾ ಬೆಳೆದವನು. ಆಮೇಲೆ ಇಪ್ಪತ್ತು ವರ್ಷ ಟೂಲ್ ರೂಮಿನಲ್ಲಿ ಲೇತ್ ಮುಂದೆ ನಿಂತವನು. ಆ ಸೊಟ್ಟ ಅಕ್ಷರ ನೋಡಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಯಾಕೆ ಅಂತ ಹೇಳುತ್ತೇನೆ.

ಮೊದಲು ಆ ಕೋವಿಯ ಬಗ್ಗೆ. ಅದನ್ನು ಯೋಚಿಸಿ ಮಾಡಿದವರು ಯೂಟಾದ ಆಗ್ಡನ್ ಊರಿನ ಜಾನ್ ಮೋಸೆಸ್ ಬ್ರೌನಿಂಗ್. 1879ರಲ್ಲಿ ಪೇಟೆಂಟ್ ಸಿಕ್ಕಿದಾಗ ಅವರಿಗೆ 24 ವರ್ಷ. ಅಣ್ಣತಮ್ಮಂದಿರು ಸೇರಿ ಸಣ್ಣ ಅಂಗಡಿಯಲ್ಲಿ ಸುಮಾರು 600 ಕೋವಿ ಮಾಡಿದರು. 1883ರಲ್ಲಿ ವಿಂಚೆಸ್ಟರ್‌ನ ಟಿ. ಜಿ. ಬೆನೆಟ್ ಆಗ್ಡನ್‌ಗೇ ಹೋಗಿ 8,000 ಡಾಲರ್ ಕೊಟ್ಟು ಹಕ್ಕು ಕೊಂಡರು. 1885ರಿಂದ 1920ರವರೆಗೆ ಸುಮಾರು 1,40,000 ಕೋವಿಗಳು ಹೊರಬಂದವು.

ಒಳಗಿನ ಕೆಲಸ ನೋಡಿದರೆ ಕೈ ಮುಗಿಯಬೇಕು ಅನಿಸುತ್ತದೆ. ಕೆಳಗಿನ ಲಿವರ್ ಎಳೆದರೆ ಗಟ್ಟಿ ಉಕ್ಕಿನ ಒಂದು ಬ್ಲಾಕ್ ಬಾವಿಯ ಕೊಡದ ಹಾಗೆ ಕೆಳಗಿಳಿಯುತ್ತದೆ. ಒಂದು ತೋಟೆ ಹಾಕಿ ಲಿವರ್ ಮುಚ್ಚಿದರೆ ಬ್ಲಾಕ್ ಮೇಲೆ ಬಂದು ತೋಟೆಯ ಹಿಂದೆ ಗೋಡೆಯಂತೆ ನಿಲ್ಲುತ್ತದೆ. ಮ್ಯಾಗಜೀನ್ ಇಲ್ಲ. ಹಾಗಾಗಿ ಗುಂಡಿನ ಮೂತಿ ಚೂಪಿರಲಿ, ತೋಟೆ ಉದ್ದವಿರಲಿ, ಅಡ್ಡಿಯಿಲ್ಲ. ನಳಿಗೆಯನ್ನು ಸ್ಕ್ರೂ ಹಾಗೆ ತಿರುಗಿಸಿ ಬಿಚ್ಚಿ ಬೇರೆ ಹಾಕಬಹುದು. ಹೊಸ ತೋಟೆ ಪರೀಕ್ಷಿಸುವವರಿಗೆ ಇದಕ್ಕಿಂತ ಒಳ್ಳೆ ಸಲಕರಣೆ ಬೇಕಾ?

ಹೊಸ ತೋಟೆ ಅಂದೆ, ಅಲ್ವಾ? ಯಾವ ಕಂಪನಿಯೂ ಮಾಡದ, ಜನ ತಾವೇ ಮಾಡಿಕೊಂಡ ತೋಟೆಗೆ ಅಲ್ಲಿ ವೈಲ್ಡ್‌ಕ್ಯಾಟ್ ಅನ್ನುತ್ತಾರೆ. ಅಂಗಡಿಯಲ್ಲಿ ಸಿಗುವ ತೋಟೆಯ ಹಿತ್ತಾಳೆ ಕವಚ ತೆಗೆದುಕೊಂಡು, ಡೈ, ಅಂದರೆ ಉಕ್ಕಿನ ಅಚ್ಚಿನ ಒಳಗೆ ಒತ್ತಿ ಕುತ್ತಿಗೆ ಸಣ್ಣ ಮಾಡುತ್ತಾರೆ. ಸಣ್ಣ ಗುಂಡು, ಹಿಂದೆ ಜಾಸ್ತಿ ಮದ್ದು. ಗುಂಡಿನ ವೇಗ ಏರುತ್ತದೆ. ಆ ತೋಟೆ ಕೂರುವಂತೆ ನಳಿಗೆಯ ಹಿಂಭಾಗ ಕೊರೆಯಲು ಒಂದು ರೀಮರ್ ಬೇಕು. ಆ ರೀಮರ್ ಮಾಡುವುದೇ ದೊಡ್ಡ ಕೆಲಸ. ಕೂದಲೆಳೆಯಷ್ಟು ತಪ್ಪಿದರೂ ನಳಿಗೆ ಹಾಳು. ಈಗಿನ ಗ್ರೈಂಡಿಂಗ್ ಮೆಷಿನ್ನಿನಲ್ಲೂ ಇದು ಸುಲಭವಲ್ಲ. ವೈಲ್ಡ್‌ಕ್ಯಾಟ್ ಮಾಡುತ್ತಿದ್ದವರು ಆ ಕಾಲದಲ್ಲೇ ಮಾಡಿದ್ದರು.

ಇಷ್ಟೆಲ್ಲ ಕಷ್ಟ ಯಾಕೆ ಪಟ್ಟರು? ಪೂರ್ವ ಅಮೆರಿಕದ ಹುಲ್ಲುಗಾವಲುಗಳಲ್ಲಿ ವುಡ್‌ಚಕ್ ಅನ್ನುವ ಪ್ರಾಣಿ ಬಿಲ ತೋಡಿ ರೈತರಿಗೆ ಕಾಟ ಕೊಡುತ್ತದೆ. ನಮ್ಮಲ್ಲಿ ಹಂದಿ, ಮಂಗ ಇದ್ದ ಹಾಗೆ. ಅದು 200 ಗಜ ದೂರದಲ್ಲಿ ತಲೆಯೆತ್ತಿ ನೋಡುತ್ತದೆ, ಹತ್ತಿರ ಬಿಡುವುದಿಲ್ಲ. ಆ ಪುಟ್ಟ ಗುರಿಗೆ ನೆಟ್ಟಗೆ ಹೋಗುವ ಗುಂಡು ಬೇಕಿತ್ತು.

1890ರ ದಶಕದಲ್ಲೇ ಮ್ಯಾಸಚೂಸೆಟ್ಸ್‌ನ ರೂಬೆನ್ ಹಾರ್ವುಡ್ .25-20 ತೋಟೆಯ ಕುತ್ತಿಗೆಯನ್ನು .22ಕ್ಕೆ ಇಳಿಸಿ ಹಾರ್ನೆಟ್, ಅಂದರೆ ಕಣಜದ ಹುಳ, ಅಂತ ಹೆಸರಿಟ್ಟಿದ್ದರು. ಈಗ ಎಲ್ಲರಿಗೂ ಗೊತ್ತಿರುವ .22 ಹಾರ್ನೆಟ್ ಬೇರೆಯದು. ಅದು 1920ರ ದಶಕದ್ದು. ಟೌನ್ಸೆಂಡ್ ವೀಲನ್, ವಾಟ್ಕಿನ್ಸ್ ಮತ್ತು ಅವರ ಸ್ನೇಹಿತರು ಕರಿಮದ್ದಿನ ಕಾಲದ .22 ಡಬ್ಲ್ಯುಸಿಎಫ್ ತೋಟೆಗೆ ಹೊಸ ಮದ್ದು ತುಂಬಿ ನೋಡಿದರು. ಸೆಕೆಂಡಿಗೆ ಸುಮಾರು 1,500 ಅಡಿ ಇದ್ದ ವೇಗ 2,400 ಅಡಿಯ ಆಸುಪಾಸಿಗೆ ಏರಿತು. 1930ರಲ್ಲಿ ವಿಂಚೆಸ್ಟರ್ ತೋಟೆ ಮಾರಲು ಶುರುಮಾಡಿತು. ಆಗ ಅದನ್ನು ಹೊಡೆಯಲು ಕಾರ್ಖಾನೆಯ ಕೋವಿ ಒಂದೂ ಇರಲಿಲ್ಲ! ಇದ್ದದ್ದೆಲ್ಲ ಹೀಗೆ ಕೈಯಲ್ಲಿ ಮಾಡಿದವು.

1934ರಲ್ಲಿ ಇಂಡಿಯಾನಾದ ಹರ್ವಿ ಲವೆಲ್ ಹಳೆಯ .25-20 ಸಿಂಗಲ್ ಶಾಟ್ ತೋಟೆಯಿಂದ .22-3000 ಅನ್ನುವ ತೋಟೆ ಮಾಡಿದರು. ಆಮೇಲೆ ರಿಸ್ಲಿ ಅನ್ನುವವರು ಕವಚದ ಭುಜ, ಅಂದರೆ ಕುತ್ತಿಗೆ ಶುರುವಾಗುವ ಇಳಿಜಾರು, ಚೂಪಾಗುವಂತೆ ಹೊಸ ರೀಮರ್ ಮಾಡಿದರು. ರಿಸ್ಲಿಯ ಎರಡನೇ ರೀಮರ್. ಅದೇ 2-ಆರ್. ಒಬ್ಬ ಕೆಲಸಗಾರ ಮಾಡಿದ ರೀಮರ್ ಒಂದು ತೋಟೆಯ ಹೆಸರೇ ಆಗಿ ಉಳಿದಿದೆ. ಟೂಲ್ ರೂಮಿನಲ್ಲಿ ಇಪ್ಪತ್ತು ವರ್ಷ ಕಳೆದ ನನಗೆ ಇದು ಎಷ್ಟು ದೊಡ್ಡದು ಅಂತ ನಿಮಗೆ ಹೇಗೆ ಹೇಳಲಿ?

ಆ ಕೋವಿಗಳಲ್ಲಿ ತೊಂದರೆಯೂ ಇತ್ತು. ತೋಟೆಯ ಬುಡದಲ್ಲಿ ಕಿಡಿ ಹುಟ್ಟಿಸುವ ಕೇಪಿಗೆ ಹೊಡೆಯುವ ಪಿನ್ನು ಕರಿಮದ್ದಿನ ಕಾಲಕ್ಕೆ ತಕ್ಕ ಹಾಗೆ ದಪ್ಪ. ಹೊಸ ಮದ್ದಿನ ಒತ್ತಡಕ್ಕೆ ಕೇಪಿನ ಲೋಹ ಪಿನ್ನಿನ ತೂತಿನೊಳಗೆ ನುಗ್ಗುತ್ತಿತ್ತು. ಅಡಾಲ್ಫ್ ನೀಡ್ನರ್ ಎಂಬ ಕುಶಲಿ ಬ್ಲಾಕಿಗೆ ಬುಶ್, ಅಂದರೆ ತೂತಿರುವ ಉಕ್ಕಿನ ಸಣ್ಣ ತುಂಡು, ಕೂರಿಸಿ ಸಣ್ಣ ಪಿನ್ನು ಹಾಕುವ ದಾರಿ ತೋರಿಸಿದರು. ಅವರ ಅಂಗಡಿ ಮೊದಲು ಮ್ಯಾಸಚೂಸೆಟ್ಸ್‌ನಲ್ಲಿ, ಆಮೇಲೆ ಮಿಷಿಗನ್‌ನ ಡೋವಾಜಿಯಾಕ್‌ನಲ್ಲಿ. ನನ್ನ ಸ್ನೇಹಿತರ ಕೋವಿಯಲ್ಲೂ ಇಂಥದೇ ಸಣ್ಣ ಪಿನ್ನು ಇದೆ. ಬುಶ್ಶಿನ ಸುತ್ತಲಿನ ಗೆರೆ ಫೋಟೊದಲ್ಲಿ ಸರಿಯಾಗಿ ಕಾಣಿಸುವುದೇ ಇಲ್ಲ. ಅಷ್ಟು ನಯ.

'ಮೊದಲಿದ್ದ ಹಾಗೇ ಮಾಡುವುದು' ಅಂದರೆ ಇದನ್ನೆಲ್ಲ ಕಿತ್ತು ಬಿಸಾಕುವುದು ತಾನೇ? ಕಾರ್ಖಾನೆ ಮಾಡಿದ್ದು ಮಾತ್ರ ಅಸಲಿ, ಕೆಲಸಗಾರ ಮಾಡಿದ್ದು ಹಾಳುಗೆಡವಿದ್ದು ಅನ್ನುವ ಈ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಯಾರ ಕೈಯೂ ಸೋಕದ ಹಳೆಯ ಹೈ ವಾಲ್ ಇವತ್ತು ಸಿಕ್ಕಿದರೆ ಅದನ್ನು ಮುಟ್ಟಬಾರದು, ನಿಜ. ಸಂಗ್ರಾಹಕರ ಆ ಮಾತು ಸರಿ. ಆದರೆ 1930ರ ದಶಕದ ಆ ನಳಿಗೆಗೂ ಈಗ ಹತ್ತಿರ ಹತ್ತಿರ ತೊಂಬತ್ತು ವರ್ಷ. ಅದೂ ಹಳೆಯದೇ. ಇನ್ನು .32-40ರ ನಳಿಗೆ ಹೊಸದಾಗಿ ತಂದು ಹಾಕಿದರೆ ಅದರಲ್ಲಿ ಅಸಲಿ ಏನಿರುತ್ತದೆ?

ದೊಡ್ಡ ಕಂಪನಿಗಳು ಈ ಜನರ ಹಿಂದೆ ಎಷ್ಟು ನಿಧಾನಕ್ಕೆ ಬಂದವು ನೋಡಿ. ನೀಡ್ನರ್ .25-06 ಮಾಡಿದ್ದು 1920ರ ಸುಮಾರಿಗೆ. ರೆಮಿಂಗ್ಟನ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದದ್ದು 1969ರಲ್ಲಿ. 1937ರಲ್ಲಿ ಗೆಬಿ ಮತ್ತು ಬುಶ್ನೆಲ್ ಸ್ಮಿತ್ ಮಾಡಿದ .22 ವಾರ್ಮಿಂಟರ್‌ಗೆ ಹತ್ತಿರದ ನೆಂಟನಾದ .22-250 ರೆಮಿಂಗ್ಟನ್ ಪಟ್ಟಿ ಸೇರಿದ್ದು 1965ರಲ್ಲಿ. ಅದಕ್ಕೂ ಎರಡು ವರ್ಷ ಮೊದಲು, ಕಾರ್ಖಾನೆಯ ತೋಟೆಯೇ ಇಲ್ಲದಾಗ, ಅದಕ್ಕೆ ಕೋವಿ ಮಾಡುವ ಧೈರ್ಯ ತೋರಿಸಿದ್ದು ಬ್ರೌನಿಂಗ್ ಕಂಪನಿ. ಅದೇ ಕಂಪನಿ 1973ರಲ್ಲಿ ಆಗ್ಡನ್‌ನ ಆ ಹಳೆಯ ವಿನ್ಯಾಸಕ್ಕೆ ಮತ್ತೆ ಜೀವ ಕೊಟ್ಟು ಬಿ-78 ಅಂತ ಕೋವಿ ತಂದಿತು. ಅದು ಸಿಗುತ್ತಿದ್ದ ತೋಟೆಗಳಲ್ಲಿ .25-06, .22-250 ಎರಡೂ ಇದ್ದವು!

ಸ್ನೇಹಿತರಿಗೆ ಉದ್ದ ಉತ್ತರ ಬರೆದೆ. ನಳಿಗೆ ಬಿಚ್ಚಬೇಡಿ. ಹೊಡೆಯುವ ಆಸೆಯಿದ್ದರೆ ಮೇಲಿನ ಅಕ್ಷರವನ್ನಷ್ಟೇ ನಂಬಬೇಡಿ. ತಿಳಿದ ಗನ್‌ಸ್ಮಿತ್ ಹತ್ತಿರ ಚೇಂಬರಿನ, ಅಂದರೆ ತೋಟೆ ಕೂರುವ ಜಾಗದ, ಅಚ್ಚು ತೆಗೆಸಿ, ಅಳತೆ ನೋಡಿಸಿ, ಉಕ್ಕು ಪರೀಕ್ಷೆ ಮಾಡಿಸಿ. ತಾತನ ಡೈ, ಟಿಪ್ಪಣಿ, ಖಾಲಿ ಕವಚ ಏನೇ ಸಿಕ್ಕಿದರೂ ಕೋವಿಯ ಜೊತೆಗೇ ಇಡಿ, ಬೇರೆ ಬೇರೆ ಮಾರಬೇಡಿ.

ನಿನ್ನೆ ಇನ್ನೊಂದು ಫೋಟೊ ಬಂದಿದೆ. ಅಟ್ಟದ ಮೇಲೆ ಒಂದು ತಗಡಿನ ಡಬ್ಬಿ ಸಿಕ್ಕಿತಂತೆ. ಒಳಗೆ ಹದಿನೇಳು ಹಿತ್ತಾಳೆ ಕವಚ. ಬುಡದಲ್ಲಿ .25-20 ಅಂತ ಕಾರ್ಖಾನೆಯ ಮುದ್ರೆ, ಮೇಲೆ ಕೈಯಲ್ಲಿ ಒತ್ತಿ ಸಣ್ಣ ಮಾಡಿದ ಕುತ್ತಿಗೆ.