ತೋನ್ಸೆಪಾರ್: ಕಲ್ಲಿಗೆ ಕಾವಲಿದೆ, ಪಚ್ಚಿಲೆಗಿಲ್ಲ

ಮಲ್ಪೆಯ ಸೈಂಟ್ ಮೇರೀಸ್ ದ್ವೀಪ, ಊರಿನವರ ತೋನ್ಸೆಪಾರ್, ಅಂದರೆ ಎಲ್ಲರಿಗೂ ನೆನಪಾಗುವುದು ಕಲ್ಲಿನ ಕಂಬಗಳು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಕಳಚಿಕೊಳ್ಳುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣಿದು, ಬಿರಿದು, ಆರು ಮೂಲೆಯ ಕಂಬಗಳಾಗಿ ನಿಂತಿದೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆಯ ಹಾಗೆ ಇದೂ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಘೋಷಿಸಿದ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಇಲ್ಲಿ ಯಾರಾದರೂ ಸುತ್ತಿಗೆ ಹಿಡಿದು ಕಂಬದ ಮೂಲೆ ಒಡೆದರೆ ಊರೆಲ್ಲ ಗಲಾಟೆಯಾದೀತು. ಅದೇ ಕಂಬದ ಬುಡದಲ್ಲಿ ಕಬ್ಬಿಣದ ಹಾರೆ ಹಿಡಿದು ಒಂದು ಕಡೆಯ ಪಚ್ಚಿಲೆಯನ್ನೆಲ್ಲ (ಕಲ್ಲಿಗೆ ಅಂಟಿ ಬೆಳೆಯುವ, ತಿನ್ನುವ ಹಸಿರು ಚಿಪ್ಪುಜೀವಿ) ಕೆರೆದು ಚೀಲ ತುಂಬಿಸಿದರೆ ಕೇಳುವವರಿಲ್ಲ. ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮವೇನೋ ಇದೆ. ಅದು ಕಟ್ಟಡ ತಡೆಯುತ್ತದೆ, ಹಾರೆಯನ್ನೂ ಲಂಗರನ್ನೂ ತಡೆಯುವುದಿಲ್ಲ.

ಈ ದ್ವೀಪಗಳ ಜೀವರಾಶಿಗೂ ರಕ್ಷಣೆ ಬೇಕು ಎಂದು ಆಗಾಗ ಮಾತು ಏಳುತ್ತದೆ. ಬೇಕು, ಸರಿ. ಆದರೆ ‘ಸಾಗರ ಅಭಯಾರಣ್ಯ’ ಎಂಬ ದೊಡ್ಡ ಬೋರ್ಡಿನಿಂದ ಅದು ಶುರುವಾಗಬಾರದು ಅನ್ನುವುದು ನನ್ನ ಅಭಿಪ್ರಾಯ. ಹಾರೆ, ಲಂಗರು, ಕಳೆದುಹೋದ ಬಲೆ, ಮೊಟ್ಟೆ ಹೊತ್ತ ಲಾಬ್‌ಸ್ಟರ್ ಇವುಗಳಿಂದ ಶುರುವಾಗಬೇಕು.

ಮೊದಲು ಈ ನಾಲ್ಕು ಬಂಡೆ-ದ್ವೀಪಗಳು ಯಾಕೆ ಮುಖ್ಯ ಅಂತ ನೋಡಿ. ಉಡುಪಿ ಎದುರಿನ ಕಡಲಿನ ತಳ ಹೆಚ್ಚಿನ ಕಡೆ ಮರಳು, ಇನ್ನೂ ಹೊರಗೆ ಹೋದರೆ ಕೆಸರು. ಅಂಟಿಕೊಂಡು ಬದುಕುವ ಜೀವಿಗೆ, ಸಂದಿಯಲ್ಲಿ ಅಡಗುವ ಮೀನಿಗೆ, ಮೊಟ್ಟೆ ಅಂಟಿಸುವ ಕಪ್ಪೆ ಬೊಂಡಾಸಿಗೆ (ಕಟ್ಲ್‌ಫಿಶ್) ಗಟ್ಟಿ ಜಾಗ ಸಿಗುವುದೇ ಅಪರೂಪ. ಹೊರಗಿನ ಕಡಲಿನಲ್ಲಿ ತೆಂಗಿನ ಗೊನೆಯ ಕಡ್ಡಿಗಳ ಕಟ್ಟಿಗೆ ಮರಳುಚೀಲ ಬಿಗಿದು ಇಳಿಸಿ, ಅಲ್ಲಿಗೆ ಬರುವ ಕಪ್ಪೆ ಬೊಂಡಾಸನ್ನು ಗಾಳ ಹಾಕಿ ಹಿಡಿಯುತ್ತಾರಲ್ಲ, ಆ ಉಪಾಯ ಫಲಿಸುವುದು ಇದೇ ಕಾರಣಕ್ಕೆ. ಗಟ್ಟಿಯಾದದ್ದು ಏನು ಸಿಕ್ಕಿದರೂ ಅದು ಮೊಟ್ಟೆ ಇಡಲು ಬರುತ್ತದೆ. (ಮೊಟ್ಟೆ ಇಡಲು ಬಂದದ್ದನ್ನೇ ಹಿಡಿದರೆ ಮುಂದಿನ ವರ್ಷಕ್ಕೇನು ಅನ್ನುವುದು ಬೇರೆಯೇ ಜಗಳ, ಇನ್ನೊಂದು ದಿನ ಬರೆಯುವ.) ಅಂಥ ಕಡಲಿನಲ್ಲಿ ಸಾವಿರಾರು ಬಿರುಕುಗಳಿರುವ ಬಂಡೆಯ ಬೆಲೆ ಎಷ್ಟು ಎಂದು ಬೇರೆ ಹೇಳಬೇಕಿಲ್ಲ.

ಅಮಾವಾಸ್ಯೆ ಅಥವಾ ಹುಣ್ಣಿಮೆಯ ದೊಡ್ಡ ಇಳಿತದ ಹೊತ್ತಿಗೆ ಅಲೆಗೆ ಮುಖ ಮಾಡಿದ ಒಂದೇ ಕಂಬದ ಎದುರು ಕೂತು ನೋಡಿ. ಸೆಲ್ಫಿಗೆಂದು ಕಲ್ಲಿಗೆ ಬೆನ್ನು ಕೊಡುವ ಬದಲು ಮುಖ ಕೊಡಿ. ಮೇಲ್ಗಡೆ ಒಣ ಕಲ್ಲು. ಅದರ ಬಿರುಕಿನಲ್ಲಿ ಕಡಲೆಕಾಳಿಗಿಂತ ಸಣ್ಣ ಬಸವನಹುಳುಗಳು ಬಾಯಿ ಮುಚ್ಚಿಕೊಂಡು ಅಂಟಿರುತ್ತವೆ, ನೀರಿನ ಎರಚಲು ಸಿಕ್ಕಿದರೆ ಅವಕ್ಕೆ ಸಾಕು. ಅದರ ಕೆಳಗೆ ಕಲ್ಲಿಗೆ ಅಂಟಿದ ಚೂಪು ಚಿಪ್ಪಿನ ಜೀವಿ ಬಾರ್ನಕಲ್‌ಗಳ ಬಿಳಿ ಪಟ್ಟಿ, ಬರಿಗಾಲಿಗೆ ಗರಗಸ. ಆಮೇಲೆ ಕಲ್ಲಿಗೆ ಒಂದು ಚಿಪ್ಪನ್ನೇ ಬೆಸೆದುಬಿಟ್ಟಿರುವ ಬಂಡೆ ಸಿಂಪಿ. ಅದಕ್ಕೂ ಕೆಳಗೆ ಪಚ್ಚಿಲೆಯ ಹಸಿರು ಗುಂಪು, ಕೊನೆಗೆ ನೀರಿನಲ್ಲಿ ಓಲಾಡುವ ಕಂದು ಪಾಚಿ, ಸರ್ಗಾಸಮ್. ನಮ್ಮ ಕಡೆ ದೊಡ್ಡ ಭರತ-ಇಳಿತದ ವ್ಯತ್ಯಾಸವೇ ಒಂದೂವರೆ ಮೀಟರ್ ಆಸುಪಾಸು. ಇಷ್ಟೆಲ್ಲ ಸಂಸಾರ ಆ ಒಂದೂವರೆ ಮೀಟರಿನೊಳಗೆ ನಡೆಯಬೇಕು. ಒಂದು ಪಟ್ಟಿಯನ್ನು ಕೆರೆದು ತೆಗೆದರೆ ಅದರಲ್ಲಿದ್ದದ್ದು ಮೇಲೆ ಹತ್ತಲೂ ಆಗದು, ಕೆಳಗೆ ಇಳಿಯಲೂ ಆಗದು. ಮೇಲೆ ಬಿಸಿಲು ಕೊಲ್ಲುತ್ತದೆ, ಕೆಳಗೆ ತಿನ್ನುವವರು ಕಾದಿರುತ್ತಾರೆ.

ಪಚ್ಚಿಲೆಯ ವಿಷಯ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ಅದರಲ್ಲಿ ಗಂಡು-ಹೆಣ್ಣು ಬೇರೆ ಬೇರೆ. ಸುಕ್ಕ ಮಾಡಲು ಬಿಡಿಸುವಾಗ ಕೆನೆಬಣ್ಣದ ಮಾಂಸ ಕಂಡರೆ ಬಲಿತ ಗಂಡು, ಕಿತ್ತಳೆ ಬಣ್ಣ ಕಂಡರೆ ಬಲಿತ ಹೆಣ್ಣು. ಎರಡೂ ಮೊಟ್ಟೆ-ವೀರ್ಯವನ್ನು ನೀರಿಗೆ ಬಿಡುತ್ತವೆ, ಕೂಡುವುದು ನೀರಿನಲ್ಲೇ. ಹಾಗಾಗಿ ಗುಂಪು ಒತ್ತಾಗಿದ್ದರಷ್ಟೇ ಪ್ರಯೋಜನ. ಅಲ್ಲೊಂದು ಇಲ್ಲೊಂದು ಉಳಿಸಿದರೆ ಉಳಿಸಿದ ಲೆಕ್ಕವೇ ಅಲ್ಲ. ಹುಟ್ಟಿದ ಮರಿ ಎರಡು-ಮೂರು ವಾರ ನೀರಿನಲ್ಲಿ ತೇಲಿ, ಮಳೆ ಕಳೆದ ಮೇಲೆ, ಅಕ್ಟೋಬರ್-ನವೆಂಬರ್ ಹೊತ್ತಿಗೆ ಕಲ್ಲಿಗೆ ಬಂದು ಕೂರುತ್ತದೆ. ಬರೀ ಕಲ್ಲಿಗಿಂತ ದೊಡ್ಡ ಪಚ್ಚಿಲೆಯ ನಾರಿನ ಸಿಕ್ಕು, ಎಳೆ ಪಾಚಿ ಅದಕ್ಕೆ ಹೆಚ್ಚು ಇಷ್ಟ. ಹಾರೆಯಿಂದ ಕೆರೆಯುವವನು ದೊಡ್ಡದರ ಜೊತೆ ಆ ಮರಿಯನ್ನೂ ಮನೆಗೆ ಒಯ್ಯುತ್ತಾನೆ, ಅಂಗಳದಲ್ಲಿ ತೊಳೆದು ಚೆಲ್ಲುತ್ತಾನೆ.

‘ಸಣ್ಣದನ್ನು ವಾಪಸ್ ಕಡಲಿಗೆ ಹಾಕುತ್ತೇವಲ್ಲ’ ಅನ್ನುವವರಿದ್ದಾರೆ. ಎಳೆದು ಕಿತ್ತರೆ ನಾರಿನ ಬೇರು ಒಳಗಿನ ಮಾಂಸದಿಂದಲೇ ಹರಿದು ಬರುತ್ತದೆ. ಅಂಥದ್ದು ಮರಳಿಗೆ ಬಿದ್ದರೆ ಮತ್ತೆ ಕಲ್ಲು ಹತ್ತುವುದಿಲ್ಲ. ಸರಿಯಾದ ಕ್ರಮ ಕಷ್ಟವೇನಲ್ಲ. ಚೂಪು ಚೂರಿಯಲ್ಲಿ ಕಲ್ಲಿನ ಬದಿಯ ನಾರನ್ನು ಕತ್ತರಿಸಬೇಕು, 6 ಸೆಂಟಿಮೀಟರಿಗಿಂತ ದೊಡ್ಡದನ್ನು ಮಾತ್ರ ತೆಗೆಯಬೇಕು, ಒಂದು ಅಂಗೈ ಅಗಲ ತೆಗೆದರೆ ಪಕ್ಕದ ಎರಡು ಅಂಗೈ ಅಗಲ ಬಿಡಬೇಕು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮುಟ್ಟಲೇಬಾರದು. ಅಳಿವೆಯಲ್ಲಿ ಹಗ್ಗಕ್ಕೆ ಪಚ್ಚಿಲೆ ಕಟ್ಟಿ ಐದಾರು ತಿಂಗಳಲ್ಲಿ ಬೆಳೆಸಿ, ಮಳೆಯ ಸಿಹಿನೀರು ಇಳಿಯುವ ಮೊದಲೇ ಕೊಯ್ಯುವವರಿಗೂ ಮರಿ ಬರುವುದು ಇಂಥ ಕಲ್ಲಿನಿಂದಲೇ. ಕಲ್ಲು ಬೋಳಾದರೆ ಕೃಷಿಯೂ ಬೋಳು.

ಬಂಡೆಯ ಬುಡದ ಸಂದಿಗಳಲ್ಲಿ ಲಾಬ್‌ಸ್ಟರ್ ಇರುತ್ತದೆ. 2003ರಲ್ಲಿ ಕೇಂದ್ರ ಸರಕಾರ ರಫ್ತಿಗೆ ಕನಿಷ್ಠ ತೂಕ ನಿಗದಿ ಮಾಡಿತು. ಪನುಲಿರಸ್ ಹೋಮರಸ್ ಜಾತಿಗೆ 200 ಗ್ರಾಂ, ಪನುಲಿರಸ್ ಪಾಲಿಫೇಗಸ್‌ಗೆ 300 ಗ್ರಾಂ. ಈ ನಿಯಮದ ತೂತು ಅದರ ಹೆಸರಿನಲ್ಲೇ ಇದೆ. ರಫ್ತಾಗದ ಸಣ್ಣದು ಊರಿನ ಹೋಟೆಲಿನ ತಟ್ಟೆಗೆ ಬರುತ್ತದೆ. ಹೋಟೆಲಿನವರು ಕೊಳ್ಳದಿದ್ದರೆ ತರುವವರೂ ಇರುವುದಿಲ್ಲ, ತಿನ್ನುವವರು ಪ್ರಶ್ನಿಸಿದರೆ ಹೋಟೆಲಿನವರು ಕೊಳ್ಳುವುದಿಲ್ಲ. ಬಾಲದ ಅಡಿ ತಿರುಗಿಸಿ ನೋಡಿ, ಕಿತ್ತಳೆ ಅಥವಾ ಕಂದು ಬಣ್ಣದ ಕಾಳುಗಳ ಗೊಂಚಲು ಇದ್ದರೆ ಅದು ಮೊಟ್ಟೆ ಹೊತ್ತ ಹೆಣ್ಣು. ಆ ಮೊಟ್ಟೆಯನ್ನು ಬ್ರಷ್ಷಿನಿಂದ ಉಜ್ಜಿ ತೆಗೆದು ಮಾರುವುದೂ ಉಂಟು. ಹಾಗೆ ಉಜ್ಜಿದ್ದರೆ ಅಡಿಯ ಕೂದಲಿನಂಥ ಎಳೆಗಳು ಹರಿದು ಚಿಂದಿಯಾಗಿರುತ್ತವೆ, ಕಣ್ಣಿಟ್ಟು ನೋಡಿದರೆ ಗೊತ್ತಾಗುತ್ತದೆ.

ಮುರು ಮೀನಿನದು (ಗ್ರೂಪರ್) ಇನ್ನೊಂದು ಕತೆ. ಈ ಬಳಗದ ಹೆಚ್ಚಿನ ಮೀನುಗಳು ಹೆಣ್ಣಾಗಿ ಬಲಿಯುತ್ತವೆ, ದೊಡ್ಡದಾದ ಮೇಲೆ ಕೆಲವು ಗಂಡಾಗುತ್ತವೆ. ಗಾಳದವರಿಗೆ ದೊಡ್ಡದೇ ಬೇಕು. ಒಂದು ಬಂಡೆಯ ಸುತ್ತ ದೊಡ್ಡದನ್ನೆಲ್ಲ ಎತ್ತಿದರೆ ಉಳಿಯುವುದು ಗಂಡಿಲ್ಲದ ಹೆಣ್ಣುಗಳು. ಸಣ್ಣದನ್ನು ಬಿಟ್ಟು ದೊಡ್ಡದನ್ನು ಹಿಡಿ ಅನ್ನುವ ಬುದ್ಧಿಮಾತು ಬಂಗುಡೆಗೆ ಸರಿ, ಮುರುವಿಗೆ ಅರ್ಧ ಮಾತ್ರ ಸರಿ. ಅದಕ್ಕೆ ಬೇಕಾದದ್ದು ಯಾರೂ ಹಿಡಿಯದ ಒಂದು ಬಂಡೆ.

ಚಿಪ್ಪು ಹೆಕ್ಕುವವರಿಗೆ ಒಂದೇ ಮಾತು. ಖಾಲಿ ಚಿಪ್ಪು ಖಾಲಿಯಲ್ಲ, ಅದು ಸನ್ಯಾಸಿ ಏಡಿಯ ಮುಂದಿನ ಮನೆ. ದಿನಕ್ಕೆ ಇಷ್ಟು ದೋಣಿ ಜನ ಬಂದು ತಲೆಗೊಂದು ಮುಷ್ಟಿ ಒಯ್ದರೆ ಚಿಪ್ಪಿನ ಕಿನಾರೆ ಎಷ್ಟು ದಿನ ಬಂದೀತು? ವಾಪಸ್ ದೋಣಿ ಹತ್ತುವಲ್ಲಿ ಒಂದು ಬುಟ್ಟಿ ಇಟ್ಟು, ‘ಇಲ್ಲಿ ಹಾಕಿ’ ಎಂದು ಬರೆದರೂ ಅರ್ಧದಷ್ಟು ಉಳಿದೀತು.

ಲಂಗರಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಇದು ದುಡ್ಡಿನಿಂದ ಪರಿಹಾರವಾಗುವ ತೊಂದರೆ. ದೋಣಿ ನಿಲ್ಲಬೇಕಾದರೆ ಹಗ್ಗ ನೀರಿನ ಆಳದ ಮೂರರಿಂದ ಐದು ಪಟ್ಟು ಬಿಡಬೇಕು. 5 ಮೀಟರ್ ಆಳಕ್ಕೆ 15ರಿಂದ 25 ಮೀಟರ್. ಗಾಳಿ-ನೀರು ತಿರುಗಿದ ಹಾಗೆ ದೋಣಿಯೂ ತಿರುಗುತ್ತದೆ, ತುದಿಯ ಸರಪಳಿ ತಳವನ್ನು ವೃತ್ತಾಕಾರವಾಗಿ ಗುಡಿಸುತ್ತದೆ. ಸ್ನಾರ್ಕಲಿಂಗ್ ದೋಣಿಗಳು ನಿಲ್ಲುವುದು ಜೀವ ಹೆಚ್ಚಿರುವ ಜಾಗದಲ್ಲೇ ಆದ್ದರಿಂದ ಗುಡಿಸುವುದೂ ಅದನ್ನೇ. ಪರಿಹಾರ ಖಾಯಂ ಬೋಯ್, ಅಂದರೆ ದೋಣಿ ಕಟ್ಟಲು ಒಂದೇ ಜಾಗದಲ್ಲಿ ತೇಲುವ ಬುರುಡೆ. ಬಂಡೆಯ ಮೇಲಲ್ಲ, ಪಕ್ಕದ ಮರಳಿನ ಮೇಲೆ ಕಾಂಕ್ರೀಟ್ ದಿಮ್ಮಿ, ಅದಕ್ಕೆ ತುಂಡು ಸರಪಳಿ, ಸರಪಳಿಯ ತುದಿಗೆ ಹಗ್ಗ, ಹಗ್ಗದ ನಡುವೆ ನೀರಿನೊಳಗೇ ನಿಲ್ಲುವ ಒಂದು ಫ್ಲೋಟ್, ಮೇಲೆ ಕಾಣುವ ಬೋಯ್. ನಡುವಿನ ಫ್ಲೋಟ್ ಹಾಕದೆ ಕಾಸು ಉಳಿಸಿದರೆ ಇಳಿತದಲ್ಲಿ ಹಗ್ಗ ಸಡಿಲಾಗಿ ತಳಕ್ಕೆ ಬಿದ್ದು, ಲಂಗರು ಮಾಡುತ್ತಿದ್ದ ಕೆಲಸವನ್ನೇ ಮಾಡುತ್ತದೆ. ಇನ್ನೊಂದು, ಸರಪಳಿ-ಹಗ್ಗ ಜೋಡಿಸುವ ಕೊಂಡಿ ಶ್ಯಾಕಲ್‌ನ ಪಿನ್ ಅಲೆಯ ಅಲುಗಾಟಕ್ಕೆ ತಾನಾಗಿ ತಿರುಗಿ ಕಳಚುತ್ತದೆ, ತಂತಿ ಸುತ್ತಿ ಬಿಗಿಯಲೇಬೇಕು. ಹಗ್ಗ ಶ್ಯಾಕಲ್‌ಗೆ ಉಜ್ಜುವ ಕಡೆ ಹಗ್ಗದ ಕುಣಿಕೆಯೊಳಗೆ ಕೂರುವ ಲೋಹದ ತಿಂಬಲ್ ಇಲ್ಲದಿದ್ದರೆ ಒಂದೇ ಸೀಸನ್‌ನಲ್ಲಿ ಸವೆದು ತುಂಡಾಗುತ್ತದೆ. ಬಾರ್ನಕಲ್ ಕೂತು ಭಾರವಾದ ಬೋಯ್ ಮುಳುಗುತ್ತದೆ, ಆಗಾಗ ಕೆರೆಯಬೇಕು. ಮೇ ತಿಂಗಳಲ್ಲಿ ಮೇಲಿನ ಭಾಗ ಕಳಚಿ ದಡಕ್ಕೆ ತರಬೇಕು. ಮಳೆಗಾಲದಲ್ಲಿ ದ್ವೀಪಕ್ಕೆ ಪ್ರವಾಸಿಗರ ದೋಣಿಯೇ ಇಲ್ಲ, ಅಲೆಗೆ ಬಲಿ ಕೊಡುವ ಅಗತ್ಯವೂ ಇಲ್ಲ.

ಬಲೆಯಲ್ಲಿ ಎರಡು ಜಾತಿ ಉಂಟು, ಎರಡರ ಕೆಡುಕೂ ಬೇರೆ. ಬೋಟು ಎಳೆದೊಯ್ಯುವ ಟ್ರಾಲ್ ಬಲೆಯ ಪಾಲಿಎಥಿಲೀನ್ ನೀರಿಗಿಂತ ಹಗುರ, ತುಂಡಾದರೆ ತೇಲುತ್ತದೆ, ಕಡಲಾಮೆಯ ಕುತ್ತಿಗೆಗೆ ಸುತ್ತಿ ದಡಕ್ಕೆ ಬರುತ್ತದೆ. ಗೋಡೆಯ ಹಾಗೆ ನೀರಿನಲ್ಲಿ ಬಿಡುವ ಬೀಡುಬಲೆಯ ನೈಲಾನ್ ನೀರಿಗಿಂತ ಭಾರ. ಅದು ಮುಳುಗಿ, ಬಂಡೆಗೆ ಸಿಕ್ಕಿ, ಯಾರೂ ಎತ್ತದಿದ್ದರೂ ಮೀನು ಹಿಡಿಯುತ್ತಲೇ ಇರುತ್ತದೆ. ಸತ್ತ ಮೀನಿನ ವಾಸನೆಗೆ ಏಡಿ, ಏಡಿಗೆ ಮುರು, ಹೀಗೆ. ದೋಣಿಯಿಂದ ವಿಂಚ್ ಹಾಕಿ ಎಳೆಯುವುದು ತಪ್ಪು, ಬಲೆಯ ಜೊತೆ ಅಂಟಿದ್ದೆಲ್ಲ ಕಿತ್ತು ಬರುತ್ತದೆ. ನೀರು ತಿಳಿಯಾಗಿರುವ ತಿಂಗಳಲ್ಲಿ, ಅನುಭವವಿರುವ ಇಬ್ಬರು ಡೈವರ್‌ಗಳು ಜೊತೆಯಾಗಿ ಇಳಿದು, ಮೊದಲು ಜೀವ ಇರುವುದನ್ನು ಬಿಡಿಸಿ, ಆಮೇಲೆ ಬಲೆಯನ್ನು ತುಂಡು ತುಂಡಾಗಿ ಕತ್ತರಿಸಿ ಚೀಲಕ್ಕೆ ತುಂಬಬೇಕು. ಹಳೆಯದಾಗಿ ಜೀವಿಗಳ ಬೆಳವಣಿಗೆಯೊಳಗೆ ಹೂತುಹೋದ ಭಾಗವನ್ನು ಬಿಟ್ಟುಬಿಡುವುದೇ ಮೇಲು. ದಡಕ್ಕೆ ತಂದ ಮೇಲೆ ಸೀಸದ ಗುಂಡು ಕಳಚಿ, ಒಣಗಿಸಿ ಬಡಿದು, ನೈಲಾನನ್ನೂ ಪಾಲಿಎಥಿಲೀನನ್ನೂ ಬೇರೆ ಮಾಡದಿದ್ದರೆ ಗುಜರಿಯವರು ಮುಟ್ಟುವುದಿಲ್ಲ. ಇದಕ್ಕಿಂತ ಸುಲಭ, ಬಲೆ ಕಳೆದ ದಿನವೇ ಜಾಗ ತಿಳಿಸುವುದು. ತಿಳಿಸಿದವರಿಗೆ ದಂಡ ಹಾಕಿದರೆ ಇನ್ಯಾರೂ ತಿಳಿಸುವುದಿಲ್ಲ, ಅಷ್ಟು ನೆನಪಿರಲಿ.

‘ಹೊರಗೆ ಟ್ರಾಲ್ ಬೋಟು, ಮೀನಿನ ಗುಂಪನ್ನೇ ಸುತ್ತುವ ಪರ್ಸೀನು ಬಲೆ, ಬೆಳಕು ಬಿಟ್ಟು ಮೀನು ಸೆಳೆಯುವ ಲೈಟ್ ಫಿಶಿಂಗ್ ನಡೆಯುವಾಗ ನಾಲ್ಕು ಬಂಡೆ ಕಾಪಾಡಿ ಏನು ಸುಖ’ ಎಂದು ಕೇಳುತ್ತೀರಿ. ಟ್ರಾಲ್ ಬಲೆ ಬಂಡೆಯ ಹತ್ತಿರ ಸುಳಿಯುವುದಿಲ್ಲ, ಸುಳಿದರೆ ಹರಿಯುತ್ತದೆ. ಅಂದರೆ ಈ ಬಂಡೆಗಳಿಗೆ ನೇರ ಪೆಟ್ಟು ಕೊಡುತ್ತಿರುವುದು ನಮ್ಮ ಕೈಯಳತೆಯ ಸಣ್ಣ ಸಂಗತಿಗಳೇ, ದೆಹಲಿಯ ಆದೇಶಕ್ಕೆ ಕಾಯುವಂಥವಲ್ಲ.

ಅಭಯಾರಣ್ಯದ ಬೋರ್ಡು ಯಾಕೆ ಬೇಡ ಅಂದರೆ, ಮಾಲವಣ ನೋಡಿ. ಸಿಂಧುದುರ್ಗ ಕೋಟೆಯ ಸುತ್ತಲಿನ 29 ಚದರ ಕಿಲೋಮೀಟರ್ ಕಡಲನ್ನು 1987ರಲ್ಲಿ ಸಾಗರ ಅಭಯಾರಣ್ಯ ಎಂದು ಘೋಷಿಸಿದರು. ಮೀನುಗಾರರು ವಿರೋಧಿಸಿದರು, ವರ್ಷಗಟ್ಟಲೆ ಅದು ಕಾಗದದ ಮೇಲೇ ಉಳಿಯಿತು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 26ಎ ಕಲಂ ಪ್ರಕಾರ ಕಡಲನ್ನು ಅಭಯಾರಣ್ಯಕ್ಕೆ ಸೇರಿಸುವಾಗ ಸ್ಥಳೀಯ ಮೀನುಗಾರರ ಕಸುಬಿನ ಹಿತ ಕಾಯಲೇಬೇಕು. ಇನ್ನು ಮುಂದೆ ಬೋರ್ಡು ಬರೆಯ ಹೊರಡುವವರು ಕಾಯ್ದೆಯಲ್ಲಿರುವ ಆ ಸಾಲನ್ನು ಮೊದಲು ಓದಬೇಕು. ಅದೇ ಕಾಯ್ದೆಯ 36ಎ ಕಲಂನಲ್ಲಿ ಸಂರಕ್ಷಣಾ ಮೀಸಲು ಎಂಬ ಹಗುರ ದಾರಿ ಇದೆ, ಊರಿನವರನ್ನು ಕೇಳಿಯೇ ಮಾಡಬೇಕಾದದ್ದು. ತೋನ್ಸೆಪಾರಿಗೆ ಒಪ್ಪುವುದು ಅದು. ಪ್ರವಾಸಿಗರು ಇಳಿಯದ ಒಂದು ಬಂಡೆಯ ಸುತ್ತ ಏನನ್ನೂ ತೆಗೆಯದ ಜಾಗ, ಉಳಿದ ಕಡೆ ಪಚ್ಚಿಲೆಗೆ ಸರದಿ. ಜಾಗ ಯಾವುದೆಂದು ನಾಡದೋಣಿಯವರೇ ಹೇಳಲಿ. ಕೈರಂಪಣಿಯವರ ಬಲೆ ಎಳೆಯುವುದು ಮರಳಿನ ದಡಕ್ಕೆ, ಅವರನ್ನು ಇದರಲ್ಲಿ ಎಳೆದು ತರುವ ಅಗತ್ಯವೇ ಇಲ್ಲ.

ಇನ್ನು ಲೆಕ್ಕ, ಅಂದರೆ ಕಲ್ಲಿನ ಮೇಲೆ ಯಾವ ಜೀವಿ ಎಷ್ಟಿದೆ ಎಂಬ ಎಣಿಕೆ. ಇದಿಲ್ಲದೆ ಐದು ವರ್ಷದ ನಂತರ ರಕ್ಷಣೆ ಬೇಕು-ಬೇಡ ಅನ್ನುವ ಎರಡೂ ಕಡೆಯವರು ಬಾಯಿಗೆ ಬಂದದ್ದು ಹೇಳುತ್ತಾರೆ. ಪಿವಿಸಿ ಪೈಪು, ನಾಲ್ಕು ಎಲ್ಬೋ ಸೇರಿಸಿ 50 ಸೆಂಟಿಮೀಟರ್ ಚೌಕಟ್ಟು ಮಾಡಿ, 10 ಸೆಂಟಿಮೀಟರಿಗೊಂದರಂತೆ ದಾರ ಕಟ್ಟಿದರೆ 25 ಮನೆಗಳಾಗುತ್ತವೆ. ಪೈಪಿಗೆ ಅಲ್ಲಲ್ಲಿ ತೂತು ಕೊರೆಯಿರಿ, ಇಲ್ಲವಾದರೆ ನೀರಿನಲ್ಲಿ ತೇಲಿ ಕೈ ತಪ್ಪುತ್ತದೆ. ಮೇಲೆ, ನಡು, ಕೆಳಗೆ ಮೂರು ಎತ್ತರದಲ್ಲಿ ಇಟ್ಟು, ಪ್ರತಿ ಮನೆಯಲ್ಲಿ ಏನಿದೆ ಎಂದು ಬರೆದು, ನೇರ ಮೇಲಿನಿಂದ ಫೋಟೋ ತೆಗೆಯಬೇಕು. ಹೊಸಬರು ಚೌಕಟ್ಟನ್ನು ಪಚ್ಚಿಲೆ ಚೆನ್ನಾಗಿರುವ ಕಡೆಗೇ ಇಡುತ್ತಾರೆ, ಆಗ ಲೆಕ್ಕವೆಲ್ಲ ಸುಳ್ಳು. ಎಲ್ಲಿ ಇಡಬೇಕು ಎನ್ನುವುದನ್ನು ದಡದಲ್ಲೇ ಚೀಟಿ ಎತ್ತಿ ನಿರ್ಧರಿಸಿ ಹೊರಡಬೇಕು. ಮರಳಿ ಅದೇ ಜಾಗ ಸಿಗಲೆಂದು ಬೇರೆ ಕಡೆಗಳಲ್ಲಿ ಕಲ್ಲಿಗೆ ಬೋಲ್ಟ್ ಹೊಡೆಯುತ್ತಾರೆ. ಇಲ್ಲಿ ಸ್ಮಾರಕದ ಕಲ್ಲಿಗೆ ಡ್ರಿಲ್ ಹಿಡಿಯುವ ಹಾಗಿಲ್ಲ, ಎದ್ದುಕಾಣುವ ಒಂದು ಕಂಬದ ಮೂಲೆಯಿಂದ ಟೇಪು ಹಿಡಿದು ದೂರ, ದಿಕ್ಕು ಬರೆದಿಟ್ಟುಕೊಳ್ಳಬೇಕು. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜು ಇದೆ, ಹುಡುಗರಿಗೇನೂ ಬರವಿಲ್ಲ. ವರ್ಷಕ್ಕೆ ಎರಡು ಸಲ ಸಾಕು. ಮೇ ತಿಂಗಳಲ್ಲಿ ದ್ವೀಪ ಮುಚ್ಚುವ ಮೊದಲೊಮ್ಮೆ, ಮಳೆ ಮುಗಿದು ದೋಣಿ ಬಿಡುವ ಮೊದಲೊಮ್ಮೆ, ಎರಡೂ ಸಲ ಒಂದೇ ಮಟ್ಟದ ಇಳಿತದಲ್ಲಿ.